ಲೀಯಮ್ಮನ ಜಾಡಿಯ ನೀರು

ಸೇತುರಾಮ ಮೇಷ್ಟ್ರು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಅಷ್ಟು ವರ್ಷ ಅವರ ಮಾತನ್ನು ವಿದ್ಯಾರ್ಥಿಗಳು ಆಕಳಿಸುತ್ತಾ ಕೇಳಿದ್ದರು. ಈಗ ಆರ್.ಟಿ. ನಗರದ ಮನೆಯಲ್ಲಿ ಆ ಕೆಲಸ ಹೆಂಡತಿ ಗೋದಾಳ ಪಾಲಿಗೆ ಬಂದಿತ್ತು. ವ್ಯತ್ಯಾಸ ಇಷ್ಟೇ, ವಿದ್ಯಾರ್ಥಿಗಳಿಗೆ ಗಂಟೆ ಹೊಡೆಯುತ್ತಿತ್ತು. ಗೋದಾ ಬೇರೆ ದಾರಿ ಕಂಡುಕೊಂಡಿದ್ದಳು. ಕೈ ತನ್ನ ಪಾಡಿಗೆ ಬೇಳೆ ಆರಿಸುತ್ತಿತ್ತು, ಬಾಯಿ ತನ್ನ ಪಾಡಿಗೆ ಹೂಂ ಅನ್ನುತ್ತಿತ್ತು, ಕಿವಿ ರಜೆಯ ಮೇಲಿರುತ್ತಿತ್ತು.

ಎಂಬತ್ತನೆಯ ಇಸವಿಯ ಜನವರಿಯಲ್ಲಿ ಮೇಷ್ಟ್ರಿಗೆ ಹೊಸ ಹುಚ್ಚು ಹಿಡಿಯಿತು. ಊಟದ ಇತಿಹಾಸ! ರಾಜರ ಯುದ್ಧ, ಸಂಧಿಗಳನ್ನೆಲ್ಲ ಬರೆದಾಯಿತು, ಬಡವರು ಏನು ಉಂಡರೆಂದು ಯಾರೂ ಬರೆದಿಲ್ಲ ಎಂಬುದು ಅವರ ವಾದ. ವಾದವೇನೋ ಚೆನ್ನಾಗಿಯೇ ಇತ್ತು. ತಾವು ಮೂರು ಹೊತ್ತು ಉಣ್ಣುವುದು ಎಲ್ಲಿ, ಹೇಗೆ ಬೇಯುತ್ತದೆಂದು ಅವರು ಒಂದು ದಿನವೂ ಅಡುಗೆಮನೆಗೆ ಇಣುಕಿ ನೋಡಿದವರಲ್ಲ ಎಂಬುದು ಬೇರೆ ಮಾತು.

ಈ ಹುಚ್ಚಿಗೆ ಗೊಬ್ಬರ ಹಾಕಿದ್ದು ಎದುರುಮನೆಯ ಚೀನಿ ಅಜ್ಜಿ. ಅವಳ ಮಗಳು ಮೇನ್ ರೋಡಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಳು. ಬಡಾವಣೆಯ ಹೆಂಗಸರೆಲ್ಲ ಹುಬ್ಬು ತೀಡಿಸಿಕೊಳ್ಳಲು ಅಲ್ಲಿಗೆ ಹೋಗುತ್ತಿದ್ದರು, ಅವರ ಮನೆಯಲ್ಲಿ ಒಂದು ಲೋಟ ನೀರು ಕುಡಿದವರಿರಲಿಲ್ಲ. ಅಜ್ಜಿಯ ಮನೆತನದ ಹೆಸರು ಲೀ. ಕೊಡಿಗೇಹಳ್ಳಿಯಿಂದ ಸೊಪ್ಪಿನ ಕುಕ್ಕೆ ಹೊತ್ತು ಬರುತ್ತಿದ್ದ ಲಕ್ಕಮ್ಮ ಅದಕ್ಕೊಂದು ಅಮ್ಮ ಸೇರಿಸಿ ಲೀಯಮ್ಮ ಮಾಡಿದ್ದಳು. ಅಜ್ಜಿ ಕನ್ನಡ ಕಲಿತದ್ದೂ ಲಕ್ಕಮ್ಮನ ಜೊತೆ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುತ್ತಲೇ. ಹಾಗಾಗಿ ಆ ಸಣ್ಣ ಕಣ್ಣಿನ, ಬೆಳ್ಳಿ ಕೂದಲಿನ ಮುದುಕಿಯ ಬಾಯಿಂದ ಅಪ್ಪಟ ಕೊಡಿಗೇಹಳ್ಳಿ ಮಾತು ಬರುತ್ತಿತ್ತು.

ಮೇಷ್ಟ್ರು ನೋಟ್‌ಬುಕ್ ಹಿಡಿದು ವಾರಗಟ್ಟಲೆ ಅವಳ ಜಗಲಿಯ ಮೇಲೆ ಕೂತರು. ಅವಳ ಹಳ್ಳಿಯಲ್ಲಿ ಬೆಳಿಗ್ಗೆ ಗಂಜಿ, ಸಂಜೆ ಗಂಜಿ. ಜೊತೆಗೆ ಉಪ್ಪುನೀರಿನಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪು. ಬೆಳೆ ಕೆಟ್ಟ ವರ್ಷ ಗಂಜಿಯಲ್ಲಿ ಅಕ್ಕಿಗಿಂತ ಗೆಣಸೇ ಜಾಸ್ತಿ. ಅವಳ ಪೂರ್ವಿಕರನ್ನು ಉತ್ತರದಿಂದ ದಕ್ಷಿಣಕ್ಕೆ, ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಬಂದ ಬಂದ ದೊರೆಗಳೆಲ್ಲ ಅಟ್ಟಿದ್ದರಂತೆ.

"ಓಡೋ ಜನಕ್ಕೆ ಕೆಡದಂಥ ಊಟ ಬೇಕು ಸಾರ್. ಅದ್ಕೇ ಉಪ್ಪು," ಎಂದಿದ್ದಳು ಲೀಯಮ್ಮ.

ಮೇಷ್ಟ್ರು ಈ ಸಾಲಿನ ಕೆಳಗೆ ಎರಡು ಗೆರೆ ಎಳೆದುಕೊಂಡರು. ಮದುವೆಯಾಗಿ ಹಡಗಿನಲ್ಲಿ ಅಸ್ಸಾಮಿಗೆ ಬರುವಾಗ ಅತ್ತೆ ಕೊಟ್ಟ ಜಾಡಿಯನ್ನು ಅವಳು ಮಡಿಲಲ್ಲಿ ಇಟ್ಟುಕೊಂಡೇ ಬಂದಿದ್ದಳು. ಅದರ ಕತ್ತಿನ ಸುತ್ತ ಒಂದು ಕಾಲುವೆ, ಕಾಲುವೆಯಲ್ಲಿ ನೀರು ತುಂಬಿ ಮೇಲೊಂದು ಬಟ್ಟಲು ಬೋರಲು ಹಾಕಿದರೆ ಒಳಗೆ ಗಾಳಿ ಹೋಗದು. ಇದನ್ನೆಲ್ಲ ಅವರು ದಿನಾ ಊಟಕ್ಕೆ ಕೂತಾಗ ಗೋದಾಳಿಗೆ ವಿವರಿಸಿದರು. ಗೋದಾ ಹೂಂ ಅಂದಳು.

ಫೆಬ್ರವರಿಯಲ್ಲಿ ಲೀಯಮ್ಮನ ಮನೆಯವರೆಲ್ಲ ತಮ್ಮ ಹೊಸ ವರ್ಷಕ್ಕೆ ಕಲ್ಕತ್ತೆಯ ನೆಂಟರ ಮನೆಗೆ ಹೊರಟರು. ಹೊರಡುವ ದಿನ ಲಕ್ಕಮ್ಮನ ಕೈಯಲ್ಲಿ ಜಾಡಿ ಹೊರಿಸಿಕೊಂಡು ಅಜ್ಜಿ ಹಿತ್ತಲ ಬಾಗಿಲಿಗೆ ಬಂದಳು.

"ಸೊಪ್ಪು ಮುಗಿದೈತೆ ಗೋದಮ್ಮ. ನೀರು ಮಾತ್ರ ಐತೆ. ಬಂದು ವೊಸ ಸೊಪ್ಪು ಆಕ್ತೀನಿ. ಈ ಕಾಲ್ವೆ ಒಣಗಬಾರ್ದು, ಅಷ್ಟೇ."

"ಇದ್ರಲ್ಲಿ ಮೀನು ಗೀನು ಇಲ್ಲ ತಾನೆ?" ಎಂದು ಗೋದಾ ಮೂರು ಸಲ ಕೇಳಿದಳು. ಮೂರು ಸಲವೂ ಇಲ್ಲ ಎಂದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಜಾಗ ಕೊಟ್ಟಳು. ಜಾಡಿಯನ್ನು ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಅದಕ್ಕೆಂದೇ ಇಟ್ಟ ಸೊಟ್ಟ ಚೊಂಬಿನಿಂದ, ಗಿಡಕ್ಕೆ ಹಾಕುವಂತೆ ದೂರದಿಂದ, ಕಾಲುವೆಗೆ ನೀರು ಹುಯ್ಯುತ್ತಿದ್ದಳು. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು.

ಆ ತಿಂಗಳ ಅಮಾವಾಸ್ಯೆಗೆ ಸೂರ್ಯಗ್ರಹಣ ಬಂತು. ಕಲ್ಕತ್ತೆಯಲ್ಲಿ ಲೀಯಮ್ಮನಿಗೆ ಹೊಸ ವರ್ಷ, ಆರ್.ಟಿ. ನಗರದಲ್ಲಿ ಗೋದಾಳಿಗೆ ಗ್ರಹಣ, ಎರಡೂ ಒಂದೇ ದಿನ. ಮಧ್ಯಾಹ್ನ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗ್ರಹಣವೆಂದರೆ ಬರೀ ನೆರಳು, ಹೆದರುವುದು ಅಜ್ಞಾನ ಎಂದು ಮೇಷ್ಟ್ರು ಹೇಳಿದರು. ಹೇಳಿ, ಕಿಟಕಿಗಳಿಗೆಲ್ಲ ಚಿಲಕ ಹಾಕಿ, ಮಣೆಯ ಮೇಲೆ ಜಪಕ್ಕೆ ಕೂತರು.

ಗ್ರಹಣಕ್ಕೆ ಮುಂಚೆ ಗೋದಾ ಪುರೋಹಿತರು ಕೊಟ್ಟ ದರ್ಭೆಯನ್ನು ಹಾಲಿಗೆ, ಮೊಸರಿಗೆ, ತುಪ್ಪಕ್ಕೆ, ಉಪ್ಪಿನಕಾಯಿ ಭರಣಿಗಳಿಗೆ ಒಂದೊಂದು ಎಳೆ ಹಾಕಿದಳು. ದರ್ಭೆ ಹಾಕಿದ ಪದಾರ್ಥಕ್ಕೆ ದೋಷವಿಲ್ಲ. ಉಳಿದ ಅಡುಗೆ, ಹಿಡಿದಿಟ್ಟ ನೀರು ಎಲ್ಲವನ್ನೂ ಗ್ರಹಣ ಬಿಟ್ಟ ಮೇಲೆ ಚೆಲ್ಲಲೇಬೇಕು. ಕೊನೆಗೆ ಒಂದೆಳೆ ದರ್ಭೆ ಉಳಿಯಿತು. ಗೋದಾ ಅದನ್ನು ಹಿಡಿದು ಹಿತ್ತಲ ಬಾಗಿಲವರೆಗೂ ಹೋದಳು. ಮಂತ್ರ ಹೇಳಿ ಕೊಟ್ಟ ದರ್ಭೆಯನ್ನು ಆ ಜಾಡಿಗೆ ಹಾಕುವುದು ಹೇಗೆ? ಮನಸ್ಸು ಒಪ್ಪಲಿಲ್ಲ. ಅದನ್ನೂ ನಿಂಬೆಕಾಯಿ ಭರಣಿಗೇ ಹಾಕಿಬಿಟ್ಟಳು. ಪಾಪ, ನಿಂಬೆಕಾಯಿಗೆ ಎರಡೆರಡು ರಕ್ಷೆ.

ಗ್ರಹಣ ಬಿಟ್ಟಿತು. ಗೋದಾ ಕೊಡ, ಹಂಡೆಗಳ ನೀರನ್ನೆಲ್ಲ ಚೆಲ್ಲಿ ಹಿತ್ತಲಿಗೆ ಬಂದಳು. ಜಾಡಿಯ ಬಟ್ಟಲು ತೆಗೆದು ನೋಡಿದರೆ ಒಳಗೆ ಮಬ್ಬು ನೀರು, ಹುಳಿ ನಾತ. ಅವಳೇ ಹೇಳಿದ್ದಳಲ್ಲ, ನೀರು ಮಾತ್ರ ಇದೆ ಎಂದು! ಗ್ರಹಣದ ನೀರನ್ನು ಮುದುಕಿಗೆ ಉಳಿಸಿದರೆ ಪಾಪ ತನಗೇ ಸುತ್ತಿಕೊಳ್ಳುವುದು. ಇನ್ನೂ ಸ್ನಾನವಾಗಿಲ್ಲ, ಈಗ ಮುಟ್ಟಿದರೆ ಅಡ್ಡಿಯಿಲ್ಲ. ಎರಡೂ ಕೈಯಲ್ಲಿ ಎತ್ತಿ ಜಾಡಿಯನ್ನು ಕರಿಬೇವಿನ ಗಿಡದ ಬುಡಕ್ಕೆ ಬೋರಲು ಹಾಕಿದಳು. ಹುಣಸೆಹಣ್ಣು, ಬೂದಿ ಹಾಕಿ ಮೂರು ಬಾರಿ ಉಜ್ಜಿದಳು. ಕಾಲುವೆಗೆ ಮರೆಯದೆ ಹೊಸ ನೀರು ತುಂಬಿದಳು. ನೆರೆಯವಳಿಗೆ ಉಪಕಾರ ಮಾಡಿದ ಸಮಾಧಾನದಿಂದ ತಲೆಗೆ ನೀರು ಹಾಕಿಕೊಂಡಳು.

ವಾರದ ಮೇಲೆ ಮೇಷ್ಟ್ರು ತಮ್ಮ ಲೇಖನವನ್ನು ಗಟ್ಟಿಯಾಗಿ ಓದಿದರು. ಯುಗಾದಿಯಂದು ಬಡಾವಣೆಯ ಸಂಘದಲ್ಲಿ ಅವರ ಭಾಷಣ. ಅಧ್ಯಕ್ಷ ಗುರುಪಾದಪ್ಪನವರು ಒಪ್ಪಿದ್ದರು, ಹಬ್ಬಕ್ಕೆ ವಾರ ಮುಂಚೆ ಕಲ್ಕತ್ತೆಯಿಂದ ಬಂದು ಲೀಯಮ್ಮನೇ ಸೊಪ್ಪು ಹಾಕಿ ಗಂಜಿಯ ಜೊತೆ ಬಡಿಸುವುದೆಂದೂ ಅವಳು ಹೊರಡುವ ಮೊದಲೇ ನಿಶ್ಚಯವಾಗಿತ್ತು. ಗೋದಾ ಅಕ್ಕಿ ಆರಿಸುತ್ತಾ ಹೂಂ ಅನ್ನುತ್ತಿದ್ದಳು.

"'ನಮ್ಮ ಹಿತ್ತಲಿನಲ್ಲಿ ಈ ಕ್ಷಣ ಕೂತಿರುವ ಆ ಉಪ್ಪುನೀರಿಗೆ ಅರವತ್ತು ವರ್ಷ. ಹಳೆಯ ನೀರೇ ಹೊಸ ಸೊಪ್ಪನ್ನು ಹುಳಿ ಬರಿಸುತ್ತದೆ. ರಾಜ್ಯಗಳು ಉರುಳಿದವು, ಆ ನೀರು ಒಂದು ದಿನವೂ ಬರಿದಾಗಲಿಲ್ಲ...'"

ಗೋದಾಳ ಕೈ ಮೊರದಲ್ಲೇ ನಿಂತಿತು. "ಏನಂದ್ರಿ? ಹಳೇ ನೀರಿಂದ್ಲೇ ಹೊಸದು ಆಗೋದಾ? ಹೆಪ್ಪಿನ ಹಾಗಾ?"

"ಹೆಪ್ಪು ಅಂದ್ರೇನೇ?" ಎಂದರು ಮೇಷ್ಟ್ರು.

ಹೆಪ್ಪೆಂದರೇನೆಂದು ಆ ಮನೆಯಲ್ಲಿ ಗೋದಾಳಿಗೆ ಮಾತ್ರ ಗೊತ್ತಿತ್ತು. ಮದುವೆಯಾಗಿ ಹೊರಟ ದಿನ ಅವಳ ತಾಯಿ ಬೆಳ್ಳಿ ಬಟ್ಟಲಲ್ಲಿ ಕೊಟ್ಟ ಒಂದು ಚಮಚ ಮೊಸರಿನಿಂದಲೇ ಇವತ್ತಿನ ತನಕ ಆ ಮನೆಯ ಹಾಲು ಮೊಸರಾಗುತ್ತಿತ್ತು. ಮೇಷ್ಟ್ರಿಗೆ ಹಾಸನಕ್ಕೆ, ತುಮಕೂರಿಗೆ ವರ್ಗವಾದಾಗೆಲ್ಲ ಅವಳು ಬಸ್ಸಿನಲ್ಲಿ ಆ ಬಟ್ಟಲನ್ನು ಮಡಿಲಲ್ಲಿ ಹಿಡಿದೇ ಕೂತಿದ್ದಳು. ತಾಯಿ ಹೋಗಿ ಹನ್ನೆರಡು ವರ್ಷವಾಗಿತ್ತು, ಮೊಸರು ಮಾತ್ರ ಅವಳದೇ. ಅದನ್ನು ಯಾರಾದರೂ ಮೋರಿಗೆ ಚೆಲ್ಲಿದ್ದರೆ? ಗೋದಾ ಮೊರ ಕೆಳಗಿಟ್ಟಳು. ಎದ್ದು ಹಿತ್ತಲಿಗೆ ಓಡಿದಳು. ಜಾಡಿ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಕರಿಬೇವಿನ ಗಿಡ ಎಲೆ ಉದುರಿಸಿ ನಿಂತಿತ್ತು.

ಗಂಡನಿಗೆ ಹೇಳುವ ಧೈರ್ಯ ಬರಲಿಲ್ಲ. ಲೀಯಮ್ಮನಿಗೆ ಹೇಳಲೇಬೇಕು, ಹೇಗೆಂದು ತಿಳಿಯಲಿಲ್ಲ. ಬೆಳಿಗ್ಗೆ ಬಂದ ಲಕ್ಕಮ್ಮನ ಹತ್ತಿರ ಗೋಳು ತೋಡಿಕೊಂಡಳು.

"ಅಯ್ಯೋ ಬುಡಿ ಅಮ್ಮಾವ್ರೇ. ಉಪ್ಪು, ಅಕ್ಕಿ ತೊಳೆದ ನೀರು, ಸಾಸ್ವೆ ಸೊಪ್ಪು. ಲೀಯಮ್ಮ ಆಕೋದ ಕಂಡಿವ್ನಿ. ಬಿಸ್ಲಲ್ಲಿ ಬಾಡಿಸಿ ತುಂಬೋದು, ಇನ್ನೇನೈತೆ?" ಎಂದಳು ಲಕ್ಕಮ್ಮ.

ಲಕ್ಕಮ್ಮ ಕೆರೆ ಕೆಳಗಿನ ತೋಟದಿಂದ ಎಳೆ ಸೊಪ್ಪು ತಂದಳು. ಇಬ್ಬರೂ ಸೇರಿ ಜಾಡಿ ತುಂಬಿದರು. ಇಂಗಿಲ್ಲದೆ ಉಪ್ಪಿನಕಾಯಿ ಹಾಕಿ ಗೊತ್ತಿಲ್ಲದ ಗೋದಾಳ ಕೈ ಅಭ್ಯಾಸಬಲದಿಂದ ಒಂದು ಚಿಟಿಕೆ ಇಂಗನ್ನೂ ಉದುರಿಸಿಬಿಟ್ಟಿತು. ಅದು ತಿಳಿದಾಗ ಮುಚ್ಚಳ ಮುಚ್ಚಿಯಾಗಿತ್ತು.

ರೈಲಿನ ಟಿಕೆಟ್ ಸಿಗದೆ ಲೀಯಮ್ಮ ಯುಗಾದಿಯ ಹಿಂದಿನ ಸಂಜೆಯಷ್ಟೇ ಬಂದಳು. ಜಾಡಿಗಿಂತ ಮೊದಲು ಅವಳ ಕಣ್ಣು ಗಿಡದ ಮೇಲೆ ಬಿತ್ತು. "ಈ ಕರಿಬೇವಿಗೆ ಏನಾಯ್ತು?"

"ಗ್ರಹಣ ನೋಡಿ. ಸೂಕ್ಷ್ಮ ಕಿರಣಗಳು," ಎಂದರು ಮೇಷ್ಟ್ರು.

ಲೀಯಮ್ಮ ಗೋದಾಳ ಮುಖ ನೋಡಿದಳು. ಗೋದಾ ನೆಲ ನೋಡಿದಳು. ಅಜ್ಜಿ ಬಟ್ಟಲೆತ್ತಿ ಒಳಗಿನ ಸೊಪ್ಪನ್ನು ಮೂಸಿ, ಜಾಡಿ ಎತ್ತಿಸಿಕೊಂಡು ಹೋದಳು. ಹೇಳದೆ ಕಳಿಸಿದ್ದಕ್ಕೆ ಗೋದಾ ರಾತ್ರಿಯಿಡೀ ತನ್ನನ್ನೇ ಶಪಿಸಿಕೊಂಡಳು.

ಮರುದಿನ ಶಾಮಿಯಾನ ತುಂಬಿ ಹೋಯಿತು. ಚೀನಿ ಊಟ ಎಂದು ಬೋರ್ಡಿನಲ್ಲಿ ಬರೆದಿದ್ದರಿಂದ ಹೋಳಿಗೆ ಊಟವನ್ನು ಮುಂದಕ್ಕೆ ಹಾಕಿ ಬಂದವರೂ ಇದ್ದರು. ಮೇಷ್ಟ್ರು ಒಂದು ಗಂಟೆ ಮಾತಾಡಿದರು. ಆಮೇಲೆ ದೊನ್ನೆಗಳಲ್ಲಿ ಬಿಸಿ ಗಂಜಿ, ಪಕ್ಕದಲ್ಲಿ ಹೆಚ್ಚಿದ ಹುಳಿ ಸೊಪ್ಪು ಬಂತು. ಗುರುಪಾದಪ್ಪನವರು ದೊನ್ನೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಫ್ರೈಡ್ ರೈಸ್ ಇಲ್ವೇನ್ರೀ? ಇದು ಜ್ವರ ಬಂದಾಗ ನಮ್ಮಜ್ಜಿ ಕೊಡ್ತಿದ್ದ ಗಂಜಿ ಕಣ್ರೀ!"

"ಅದೇ ಇತಿಹಾಸ!" ಎಂದು ಮೇಷ್ಟ್ರು ಒಂದೆಸಳು ಸೊಪ್ಪನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಅರವತ್ತು ವರ್ಷದ ರುಚಿ. ಈ ಗಾಢತೆ ಹೊಸ ನೀರಿನಲ್ಲಿ ಬರಲು ಸಾಧ್ಯವೇ ಇಲ್ಲ. ಏನೋ ಒಂದು ಪ್ರಾಚೀನ ಪರಿಮಳ ಇದೆ, ಗಮನಿಸಿ."

ಪ್ರಾಚೀನ ಪರಿಮಳ ಗೋದಾಳ ಇಂಗಿನದು.

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಶಾಮಿಯಾನದ ಹಿಂದೆ ಒಲೆಯ ಹತ್ತಿರ ಲೀಯಮ್ಮ ಒಬ್ಬಳೇ ಕೂತಿದ್ದಳು, ಪಕ್ಕದಲ್ಲಿ ಜಾಡಿ. ಗೋದಾ ಹೋಗಿ ಎದುರಿಗೆ ನಿಂತಳು.

"ಲೀಯಮ್ಮ, ನನ್ನಿಂದ ತಪ್ಪಾಯ್ತು. ಗ್ರಹಣದ ದಿನ ನಿಮ್ಮ ನೀರನ್ನ ಚೆಲ್ಲಿಬಿಟ್ಟೆ. ನಮ್ಮ ಭರಣಿಗಳಿಗೆಲ್ಲ ದರ್ಭೆ ಹಾಕಿದೆ, ನಿಮ್ಮದಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ. ಇದು ಮೂರು ವಾರದ ಹಿಂದೆ ನಾನು ಮಾಡಿದ್ದು. ನಿಮ್ಮ ಅತ್ತೆಯದ್ದಲ್ಲ."

"ಗೊತ್ತು ಕಣಮ್ಮ. ಗಿಡ ನೋಡಿದಾಗ್ಲೇ ಗೊತ್ತಾಯ್ತು. ಉಪ್ಪು ಕುಡ್ದು ಸತ್ತೈತೆ." ಲೀಯಮ್ಮ ಕೂತಲ್ಲೇ ಜರುಗಿ ಜಾಗ ಮಾಡಿಕೊಟ್ಟಳು. "ಕೂತ್ಕೋ. ಇಂಗು ಒಸಿ ಜಾಸ್ತಿ ಆಗೈತೆ."

ಗೋದಾ ಕೂತಳು. ಅಜ್ಜಿ ಸೌದೆಯನ್ನು ಒಲೆಯಿಂದ ಹಿಂದಕ್ಕೆಳೆದಳು.

"ಅರವತ್ತೆರಡನೇ ಇಸ್ವಿ, ಅಸ್ಸಾಮಲ್ಲಿದ್ವಿ. ಚೀನಾ ಜೊತೆ ಯುದ್ಧ. ಪೊಲೀಸ್ನೋರು ಬಂದ್ರು. ಒಂದು ಬಟ್ಟೆ ಗಂಟು ತಕ್ಕೊಂಡು ನಡೀರಿ ಅಂದ್ರು. ಜಾಡಿ ಪಕ್ಕದ ಮನೆಯೋಳಿಗೆ ಕೊಟ್ಟೆ. ಏಳು ದಿನ ರೈಲು, ರಾಜಸ್ಥಾನ. ಮೂರು ವರ್ಷ ಕ್ಯಾಂಪಲ್ಲಿ ಇಟ್ರು. ನನ್ನ ಗಂಡ ಅಲ್ಲೇ ತೀರ್ಕೊಂಡ್ರು. ವಾಪಸ್ ಬಂದ್ರೆ ಮನೆ ಅರಾಜು ಆಕವ್ರೆ, ಅಂಗಡಿ ಅರಾಜು ಆಕವ್ರೆ. ಪಕ್ಕದ ಮನೆಯೋಳು ಜಾಡಿ ತಂದು ಕೊಟ್ಳು. ಬೂದಿ ಆಕಿ ಉಜ್ಜಿ ಫಳಫಳ ಮಾಡಿ! ನಾತ ಬಂತು, ಚೆಲ್ಬಿಟ್ಟೆ ಅಕ್ಕ, ತಪ್ಪಾಯ್ತು ಅಂತ ಅತ್ತಳು."

"ಹಾಗಾದ್ರೆ ಅರವತ್ತು ವರ್ಷ ಅಂತ ಇವರು..."

"ಜಾಡಿಗೆ ಅರವತ್ತು. ಸಾರ್ ನೀರಿಗೆ ಅಂತ ಬರ್ಕೊಂಡ್ರು. ಅಷ್ಟು ಖುಷಿಯಾಗಿ ಬರೀತಿದ್ರು, ನಾನ್ಯಾಕೆ ತಡೀಲಿ?"

ಗೋದಾಳಿಗೆ ನಗು ಬಂತು, ಪೂರ್ತಿ ಬರಲಿಲ್ಲ. ಲೀಯಮ್ಮ ನಗಲಿಲ್ಲ.

"ಮನೆ ತಕ್ಕೊಂಡೋರು, ಅಂಗಡಿ ತಕ್ಕೊಂಡೋರು, ರೈಲು ಅತ್ತಿಸಿದೋರು, ಅದಿನೆಂಟು ವರ್ಷ ಆಯ್ತು, ಒಬ್ರೂ ಬಂದು ತಪ್ಪಾಯ್ತು ಅನ್ನಲಿಲ್ಲ ಗೋದಮ್ಮ. ಅಂದೋರು ಇಬ್ರೇ. ಅವಳು ಒಬ್ಳು, ನೀನು ಒಬ್ಳು. ನೀರು ಚೆಲ್ಲಿದೋರು."

ಗೋದಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಜ್ಜಿ ಅವಳ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅಷ್ಟರಲ್ಲಿ ಮೇಷ್ಟ್ರು ಪರದೆ ಸರಿಸಿ ತಲೆ ಹಾಕಿದರು, ಕೈಯಲ್ಲಿ ಪೆನ್ನು.

"ಅಜ್ಜಿ, ಪತ್ರಿಕೆಯವರು ಬಂದಿದ್ದಾರೆ. ಆ ನೀರಿನ ವಯಸ್ಸು ಕರಾರುವಾಕ್ಕಾಗಿ ಎಷ್ಟು ಅಂತ ಕೇಳ್ತಿದ್ದಾರೆ."

ಲೀಯಮ್ಮ ಗೋದಾಳನ್ನೊಮ್ಮೆ ನೋಡಿದಳು.

"ಬರ್ಕೊಳ್ಳಿ ಸಾರ್. ಅರವತ್ತು ವರ್ಷ, ಮೂರು ವಾರ."

"ಮೂರು ವಾರ! ನೋಡಿದ್ಯೇನೇ ಗೋದಾ, ಇತಿಹಾಸ ಪ್ರಜ್ಞೆ ಅಂದ್ರೆ ಇದು," ಎಂದು ಮೇಷ್ಟ್ರು ಬರೆದುಕೊಳ್ಳುತ್ತಲೇ ಹೋದರು.

ಗೋದಾ ಕಣ್ಣೊರೆಸಿಕೊಂಡು ಎದ್ದಳು. ಜಾಡಿ ಹೊರಲು ಲಕ್ಕಮ್ಮ ಹತ್ತಿರ ಬಂದಳು. ಗೋದಾ ಅವಳನ್ನು ಪಕ್ಕಕ್ಕೆ ಸರಿಸಿ, ಹಬ್ಬದ ರೇಷ್ಮೆ ಸೀರೆಯಲ್ಲೇ ಜಾಡಿಯನ್ನು ಎದೆಗವಚಿ ಎತ್ತಿಕೊಂಡು, ಒಳಗಿನ ನೀರು ತುಳುಕದ ಹಾಗೆ ನಿಧಾನವಾಗಿ ಮನೆಯ ಕಡೆ ನಡೆದಳು.