ಆರನೆಯ ಬಡಿತ

ನಾನು ಬೀದಿಯಲ್ಲಿ ಬರುತ್ತಿದ್ದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಪಾಡು, ಇನ್ನು ಇದಕ್ಕೆ ಮುಖ ಸಣ್ಣ ಮಾಡಿಕೊಂಡು ಏನು ಪ್ರಯೋಜನ. ನಾನು ಗಿಲ್ಬರ್ಟ್ ವಿಶಾರ್ಟ್, ಆಂಗಸ್ ಸೀಮೆಯ ಕಿನ್‌ಫಾರ್ಲಿ ಪಟ್ಟಣದಲ್ಲಿ ರಾಜನ ಓಲೆಕಾರ. ಎದೆಯ ಮೇಲೆ ಸಿಂಹದ ಮುದ್ರೆಯಿರುವ ಬೆಳ್ಳಿ ಬಿಲ್ಲೆ, ಕೈಯಲ್ಲಿ ಮೊಳದುದ್ದದ ಕೋಲು, ಸೊಂಟದಲ್ಲಿ ಕೊಂಬು. ನನ್ನ ಚೀಲದಲ್ಲಿ ಯಾರಿಗೂ ಒಳ್ಳೆಯ ಸುದ್ದಿ ಇದ್ದದ್ದಿಲ್ಲ. ಹೆಂಡದಂಗಡಿಯಲ್ಲಿ ನಾನು ಕೂತ ಬೆಂಚಿನ ಮೇಲೆ ವಾಟಿ ಕಿಡ್ ಒಬ್ಬನೇ ಕೂರುತ್ತಾನೆ. ಓಲೆ ಮುಟ್ಟಿಸಿದ್ದಕ್ಕೆ ಅವನು ನನ್ನ ಕಾಯಂ ಸಾಕ್ಷಿ, ಅವನಿಗೂ ಬೇರೆ ಬೆಂಚು ಸಿಗುವುದಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಬಾಗಿಲು ಮುಚ್ಚಿದ್ದರೆ ಆರು ಸಲ ಬಡಿಯಬೇಕು, ಒಳಗಿದ್ದವರಿಗೆ ಕೇಳುವ ಹಾಗೆ, ಬಿಡಿಬಿಡಿಯಾಗಿ. ಆರಕ್ಕೂ ತೆಗೆಯದಿದ್ದರೆ ಓಲೆಯನ್ನು ಬೀಗದ ಕಿಂಡಿಗೆ ಸಿಕ್ಕಿಸಿ ಹೊರಟುಬಿಡಬೇಕು. ಅದು ಕೈಗೆ ಕೊಟ್ಟಂತೆಯೇ. ಆರನೆಯದು ಬಿದ್ದ ಮೇಲೆ ಹೊಸ್ತಿಲಲ್ಲಿ ನಿಲ್ಲಬಾರದು, ತಿರುಗಿ ನೋಡಬಾರದು. ನಿಂತ ಓಲೆಕಾರರ ತಲೆ ಒಡೆದದ್ದನ್ನು ನಾನೇ ಕಂಡಿದ್ದೇನೆ. ಇನ್ನು ಬಾಗಿಲು ತೆಗೆಯದ ಮನೆಗೆ ಐದೇ ಸಲ ಬಡಿದು ಬಂದರೆ ಆ ಓಲೆ ಓಲೆಯೇ ಅಲ್ಲ. ಯಾವ ಪುಡಿ ವಕೀಲನೂ ಅದನ್ನು ನ್ಯಾಯಾಧೀಶರ ಮುಂದೆ ಬಿದ್ದುಹೋಗುವಂತೆ ಮಾಡಬಲ್ಲ.

ನನ್ನ ಮಗಳು ಗ್ರಿಜೆಲ್ ಎಣಿಸಲು ಕಲಿತದ್ದೇ ಈ ಕಟ್ಟಳೆಯಿಂದ. ಅವಳ ತಾಯಿ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಬೆಳಿಗ್ಗೆ ಗಂಜಿ ಆರುವವರೆಗೆ ಇಬ್ಬರೂ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದೆವು, ನಾನೊಂದು, ಅವಳೊಂದು. ಆರನೆಯದು ಅವಳದ್ದು. ಅದು ಬಿದ್ದ ಕೂಡಲೇ ಮರದ ಚಮಚವನ್ನು ನನ್ನ ಅಂಗಿಯ ಗುಂಡಿಯ ಕಿಂಡಿಗೆ ಸಿಕ್ಕಿಸಿ, ತಿರುಗಿ ನೋಡದೆ, ಗಂಭೀರವಾಗಿ ನಡೆದುಹೋಗುತ್ತಿದ್ದಳು. ಆಮೇಲೆ ಚಮಚ ಬೇಕೆಂದು ಓಡಿಬರುತ್ತಿದ್ದಳು.

ಅವಳನ್ನು ಟೋರಿ ಕಣಿವೆಯ ಪ್ಯಾಟ್ರಿಕ್ ಲೈಲ್‌ಗೆ ಕೊಟ್ಟೆ. ಪಟ್ಟಣದಿಂದ ಒಂಬತ್ತು ಮೈಲಿ ಮೇಲೆ, ಒಂದಿಷ್ಟು ಹೊಲ, ಹದಿನಾಲ್ಕು ದನ. ಒಳ್ಳೆಯವನು, ಹಟಮಾರಿ. ಈ ಸೀಮೆಯಲ್ಲಿ ನನ್ನನ್ನು ಕಂಡು ತೆರೆಯುತ್ತಿದ್ದ ಬಾಗಿಲೆಂದರೆ ಅವರದೊಂದೇ. ಹಿಂದಿನ ಚಳಿಗಾಲದಲ್ಲಿ ಆ ಕಣಿವೆಯಲ್ಲೇ ಯಾರದೋ ಬಾಗಿಲು ಬಡಿಯುತ್ತಿದ್ದಾಗ ನಾಲ್ಕನೆಯ ಬಡಿತಕ್ಕೆ ಎದೆ ಹಿಂಡಿದಂತಾಗಿ ಹೊಸ್ತಿಲ ಮೇಲೆಯೇ ಬಿದ್ದೆ. ವಾಟಿ ನನ್ನನ್ನು ಹೊತ್ತು ಮಗಳ ಮನೆಗೆ ತಂದ. ಇಪ್ಪತ್ತು ದಿನ ಅವಳು ಕೋಸಿನ ಸಾರು ಕುಡಿಸಿ ನನ್ನನ್ನು ಎಬ್ಬಿಸಿ ಕೂರಿಸಿದಳು. ಇನ್ನು ಮುಂದೆ ಬಡಿಯುವಾಗ ನಡುವೆ ಉಸಿರು ತೆಗೆದುಕೋ ಎಂದು ಬೈದು ಕಳಿಸಿದಳು.

ಅಷ್ಟರಲ್ಲಾಗಲೇ ರಾಜ್ಯ ಕೈ ಬದಲಾಯಿಸಿತ್ತು. ಹಳೆಯ ರಾಜ ಜೇಮ್ಸ್ ಹಡಗು ಹತ್ತಿ ಫ್ರಾನ್ಸಿಗೆ ಓಡಿಹೋಗಿದ್ದ. ಅವನ ಗಾದಿಯ ಮೇಲೆ ಅವನ ಸ್ವಂತ ಮಗಳೂ ಅಳಿಯನೂ ಕೂತಿದ್ದರು. ನನ್ನ ಬಿಲ್ಲೆಯ ಮೇಲಿನ ಸಿಂಹಕ್ಕೆ ಯಾವ ರಾಜನಾದರೂ ಒಂದೇ, ಓಲೆಯ ಮೊದಲ ಸಾಲಿನಲ್ಲಿ ಹೆಸರು ಬದಲಾಗಿತ್ತು ಅಷ್ಟೆ. ಹೆಂಡದಂಗಡಿಯ ಮಾರ್ಜರಿ ನನಗೆ ಹೂಜಿ ಇಡುವಾಗಲೆಲ್ಲ ಚುಚ್ಚುತ್ತಿದ್ದಳು: "ಮಾವನ್ನ ಮನೆಬಿಟ್ಟು ಓಡಿಸೋ ಅಳಿಯಂದಿರ ಕಾಲ ಇದು ಗಿಲ್ಬರ್ಟ್. ನಿನ್ನ ಅಳಿಯನ ಮೇಲೆ ಒಂದು ಕಣ್ಣಿಟ್ಟಿರು." ಪಕ್ಕದ ಬೆಂಚಿನವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಬೆಟ್ಟದ ಕಡೆಯವರು ಮಾತ್ರ ನಗುತ್ತಿರಲಿಲ್ಲ. ಹಳೆಯ ರಾಜನಿಗೆ ಪ್ರಮಾಣ ಮಾಡಿದ ಬಾಯಲ್ಲಿ ಹೊಸಬನಿಗೆ ಹೇಗೆ ಪ್ರಮಾಣ ಮಾಡುವುದು ಎಂದು ಅವರು ಕೂತುಬಿಟ್ಟರು. ಎಡಿನ್‌ಬರೋದ ಸಭೆಯವರು ಮೊದಲು ಸೈನಿಕರನ್ನು ಕಳಿಸಿದರು, ಆಮೇಲೆ ಕಾಗದ ಕಳಿಸಿದರು. ರಾಜ್ಯವನ್ನು ಸೈನಿಕರಿಂದ ಗೆಲ್ಲಬಹುದು, ಆಳುವುದಕ್ಕೆ ನಮ್ಮಂಥ ಹೊಸ್ತಿಲು ಸವೆಸುವವರೇ ಬೇಕು. ಇತ್ತ ಬೆಟ್ಟದವರು, ತಾವು ಕೊಟ್ಟ ಮಾತಿನಿಂದ ತಮ್ಮನ್ನು ಬಿಡಿಸಿ ಎಂದು ಹಳೆಯ ರಾಜನನ್ನು ಕೇಳಲು ಫ್ರಾನ್ಸಿಗೆ ಒಬ್ಬನನ್ನು ಅಟ್ಟಿದ್ದರು. ಪ್ಯಾಟ್ರಿಕ್ ಅದಕ್ಕೇ ಕಾಯುತ್ತಿದ್ದ.

"ಬಿಟ್ಟಿದೀನಿ ಅಂತ ಅವರು ಒಂದು ಸಾಲು ಬರೀಲಿ ಮಾವ, ಮಾರನೇ ದಿನ ನಾನೇ ನಡ್ಕೊಂಡು ಬಂದು ಹೊಸಬರಿಗೆ ಪ್ರಮಾಣ ಮಾಡ್ತೀನಿ," ಎಂದಿದ್ದ. "ಅಲ್ಲೀವರೆಗೆ ನನ್ನ ಮಾತು ನಂದಲ್ಲ. ಬಲವಂತ ಮಾಡಬೇಡಿ."

ಅಕ್ಟೋಬರಿನಲ್ಲಿ ಶೆರೀಫನ ಗುಮಾಸ್ತ ನನ್ನನ್ನು ಕರೆಸಿ ಒಂದು ಓಲೆ ಕೊಟ್ಟ. ಟೋರಿ ಕಣಿವೆಯ ಪ್ಯಾಟ್ರಿಕ್ ಲೈಲ್ ಹದಿನೈದು ದಿನದೊಳಗೆ ಪಟ್ಟಣಕ್ಕೆ ಬಂದು ರಾಜ ವಿಲಿಯಂ ಹೆಸರಿನಲ್ಲಿ ಪ್ರಮಾಣ ಮಾಡತಕ್ಕದ್ದು. ಬರದಿದ್ದರೆ ಸಂತೆಕಟ್ಟೆಯ ಶಿಲುಬೆಗಂಬದ ಬಳಿ ಮೂರು ಸಲ ಕೊಂಬೂದಿ ಅವನನ್ನು ದ್ರೋಹಿ ಎಂದು ಸಾರುವುದು. ಕೊಂಬೂದಿಸಿಕೊಂಡವನ ದನ, ಹೊಲ, ಮನೆ ಎಲ್ಲ ರಾಜನಿಗೆ. ಅವನಿಗೆ ಬೆಂಕಿ, ಅನ್ನ, ನೆರಳು ಕೊಟ್ಟವರಿಗೂ ಅದೇ ಗತಿ. ಗ್ರಿಜೆಲ್ ಆಗ ಏಳು ತಿಂಗಳ ಬಸುರಿ.

ನನ್ನಿಂದಾಗದು ಎಂದು ಓಲೆಯನ್ನು ಮೇಜಿನ ಮೇಲಿಟ್ಟು ಬರಬಹುದಿತ್ತು. ಬಂದಿದ್ದರೆ ಇನ್ನೊಬ್ಬ ಓಲೆಕಾರ ಸರಿಯಾಗಿ ಆರು ಸಲ ಬಡಿದು ಬರುತ್ತಿದ್ದ. ಎರಡು ದಿನ ಯೋಚಿಸಿದೆ. ಬಿದ್ದುಹೋದ ಓಲೆಗೆ ಬದಲಿ ಓಲೆ ಎಡಿನ್‌ಬರೋದಿಂದಲೇ ಬರಬೇಕು. ಅದು ಬರುವಷ್ಟರಲ್ಲಿ ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುತ್ತದೆ, ಮಾರ್ಚಿನವರೆಗೆ ಪಟ್ಟಣದಿಂದ ಯಾರೂ ಹತ್ತುವಂತಿಲ್ಲ. ಅಷ್ಟರೊಳಗೆ ಫ್ರಾನ್ಸಿನಿಂದ ಆ ಒಂದು ಸಾಲು ಬಂದೇ ಬರುತ್ತದೆ. ಎದೆಯ ಮೇಲೆ ಬಿಲ್ಲೆ ಕಂಡರೆ ಮಗಳೂ ಬಾಗಿಲು ತೆಗೆಯುವುದಿಲ್ಲ. ಐದು ಸಲ ಬಡಿಯುತ್ತೇನೆ, ವರದಿಯಲ್ಲೂ ಐದು ಎಂದೇ ಬರೆಯುತ್ತೇನೆ. ಮುದುಕನಿಗೆ ಎಣಿಕೆ ತಪ್ಪಿತು ಎಂದು ಬಿಲ್ಲೆ ಕಿತ್ತುಕೊಳ್ಳಲಿ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಬಿಲ್ಲೆ ಒಳ್ಳೆಯದಕ್ಕೆ ಒದಗುವುದು ಇದೇ ಮೊದಲು ಎಂದು ಒಳಗೊಳಗೇ ಖುಷಿಯೂ ಆಯಿತು.

ಎರಡನೆಯ ಸಾಕ್ಷಿಯಾಗಿ ಗುಮಾಸ್ತ ಸೈನ್ಯದ ಒಬ್ಬ ಕಾರ್ಪೊರಲ್‌ನನ್ನು ನನ್ನ ಜೊತೆಗೆ ಕಟ್ಟಿ ಕಳಿಸಿದ್ದ. ನನ್ನ ಮೇಲೆ ನಂಬಿಕೆ ಇಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ. ಮಧ್ಯಾಹ್ನ ಕಣಿವೆ ಮುಟ್ಟಿದೆವು. ಪ್ಯಾಟ್ರಿಕ್ ಮೇಲಿನ ಹುಲ್ಲುಗಾವಲಿನಿಂದ ದನ ಇಳಿಸಲು ಹೋಗಿದ್ದ, ಅವನು ಮನೆಯಲ್ಲಿರುವುದಿಲ್ಲ ಎಂದು ತಿಳಿದೇ ಆ ದಿನ ಆರಿಸಿದ್ದೆ. ನಾವು ಅಂಗಳ ದಾಟುವಾಗ ಕಿಟಕಿಯಲ್ಲಿ ಗ್ರಿಜೆಲ್‌ಳ ಮುಖ ಕಂಡಿತು. ಅವಳು ನನ್ನನ್ನು ನೋಡಿದಳು, ಎದೆಯ ಮೇಲಿನ ಬಿಲ್ಲೆಯನ್ನು ನೋಡಿದಳು. ಒಳಗಿನಿಂದ ಅಗುಳಿ ಬಿದ್ದ ಸದ್ದಾಯಿತು. ಒಳ್ಳೆಯದೇ ಆಯಿತು ಮಗಳೇ, ಹಾಗೇ ಇರು ಎಂದುಕೊಂಡೆ.

ಒಂದು, ಎರಡು, ಮೂರು. ಬಾಗಿಲಿನ ಆಚೆ ಅವಳು ನಿಂತಿದ್ದಾಳೆಂದು ನನಗೆ ಗೊತ್ತಿತ್ತು, ಹೊಸ್ತಿಲ ಸಂದಿಯ ಬೆಳಕಿಗೆ ಅಡ್ಡವಾಗಿ ಎರಡು ಪಾದಗಳ ನೆರಳಿತ್ತು. ನಾಲ್ಕು. ಐದು. ಕೈ ಇಳಿಸಿದೆ. ಕಾರ್ಪೊರಲ್ ಆಕಳಿಸುತ್ತಿದ್ದ, ಅವನಿಗೆ ಎಣಿಕೆ ಯಾತಕ್ಕೆ. ವಾಟಿ ತನ್ನ ಬೂಟು ನೋಡಿಕೊಳ್ಳುತ್ತ ನಿಂತ. ನಾನು ಚೀಲದಿಂದ ಓಲೆ ತೆಗೆದು ಮಡಚತೊಡಗಿದೆ. ಇನ್ನೊಂದೇ ಗಳಿಗೆ, ಅದನ್ನು ಕಿಂಡಿಗೆ ಸಿಕ್ಕಿಸಿ ತಿರುಗಿಬಿಡುತ್ತಿದ್ದೆ.

ಅಗುಳಿ ಸರಿಯಿತು. ಬಾಗಿಲು ದಡಾರನೆ ತೆರೆಯಿತು.

"ಅಪ್ಪಾ, ಯಾಕೆ ನಿಲ್ಲಿಸ್ಬಿಟ್ಟೆ? ಬಿದ್ಯಾ? ಎದೆ ನೋವಾ?" ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದು ನನ್ನನ್ನು ಹಿಡಿಯಲು ಚಾಚಿತ್ತು.

ನಾನು ನೆಟ್ಟಗೆ ನಿಂತಿದ್ದೆ. ಕೈಯಲ್ಲಿ ಓಲೆ ಇತ್ತು. ಮನೆಯವರು ಬಾಗಿಲು ತೆರೆದ ಮೇಲೆ ಬಡಿತದ ಲೆಕ್ಕಕ್ಕೆ ಬೆಲೆಯಿಲ್ಲ, ಓಲೆ ಕೈಗೇ ಹೋಗಬೇಕು. ಕಾರ್ಪೊರಲ್‌ಗೆ ಅಷ್ಟಂತೂ ಗೊತ್ತಿತ್ತು. "ಹೆಂಗಸು ಬಂದ್ಲಲ್ಲ, ಕೊಡಯ್ಯ ಮುದುಕ, ಇನ್ನೇನು ನೋಡ್ತೀಯ," ಎಂದ. ನಾನು ಕೈ ಎತ್ತಿದೆನೋ ಅವನೇ ನನ್ನ ಮೊಣಕೈ ತಳ್ಳಿದನೋ ಇವತ್ತಿಗೂ ಹೇಳಲಾರೆ. ನನ್ನನ್ನು ಹಿಡಿಯಲು ಬಂದ ಕೈಯಲ್ಲಿ ಓಲೆ ಕೂತಿತು.

ಅವಳು ಓಲೆಯನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು.

"ಐದಕ್ಕೆ ನಿಲ್ಸಿದ್ರೆ ನಾನು ಓಡಿಬರ್ತೀನಿ ಅಂತ ನಿಂಗೊತ್ತಿತ್ತು," ಎಂದಳು. ದನಿ ಏರಿಸಲಿಲ್ಲ. "ಕಲಿಸಿದವನು ನೀನೇ ಅಲ್ವಾ."

ಅಲ್ಲ ಮಗಳೇ, ನಿನ್ನ ಗಂಡನನ್ನು ಉಳಿಸಲೆಂದೇ ನಿಲ್ಲಿಸಿದೆ ಎಂದು ಹೇಳಬೇಕಿತ್ತು. ಪಕ್ಕದಲ್ಲಿ ಕಾರ್ಪೊರಲ್ ಇದ್ದ. ಹೇಳಿದ್ದರೆ ನಾನು ಆ ಸಂಜೆಗೇ ಸೆರೆಮನೆಯಲ್ಲಿರುತ್ತಿದ್ದೆ. ಹೆದರಿದೆ. ಇದನ್ನು ಮುಚ್ಚಿಡುವುದಿಲ್ಲ, ನಾನು ನನ್ನ ಚರ್ಮಕ್ಕೆ ಹೆದರಿದೆ. ಅವಳು ಬಾಗಿಲು ಹಾಕಿಕೊಂಡಳು.

ಹದಿನೈದು ದಿನ ಕಳೆಯಿತು, ಪ್ಯಾಟ್ರಿಕ್ ಬರಲಿಲ್ಲ. ಹದಿನಾರನೆಯ ದಿನ ಸಂತೆಯಲ್ಲಿ ಶಿಲುಬೆಗಂಬದ ಮೆಟ್ಟಿಲು ಹತ್ತಿ ನನ್ನ ಅಳಿಯನ ಹೆಸರನ್ನು ಮೂರು ಸಲ ಕೂಗಿದೆ, ಮೂರು ಸಲ ಕೊಂಬೂದಿದೆ. ಮೂರನೆಯದಕ್ಕೆ ಉಸಿರೇ ಸಾಲಲಿಲ್ಲ, ಕರು ಕೂಗಿದ ಹಾಗಾಯಿತು. ಯಾರೂ ನಗಲಿಲ್ಲ. ಮಾರ್ಜರಿ ಮುಖ ತಿರುಗಿಸಿಕೊಂಡು ಅಂಗಡಿಯೊಳಗೆ ಹೋದಳು. ಪ್ಯಾಟ್ರಿಕ್ ಅಷ್ಟರಲ್ಲಿ ಯಾವುದೋ ಮೀನುದೋಣಿ ಹಿಡಿದು ಸಮುದ್ರ ದಾಟಿದ್ದ. ಸೈನಿಕರು ಹದಿನಾಲ್ಕು ದನವನ್ನೂ ಹೊಡೆದುಕೊಂಡು ಬಂದರು. ಮನೆಯನ್ನು ಮಾತ್ರ, ಬಸುರಿ ಇದ್ದಾಳೆಂದು, ಬೇಸಿಗೆಯವರೆಗೆ ಬಿಟ್ಟರು.

ಡಿಸೆಂಬರ್ ಕೊನೆಗೆ ಫ್ರಾನ್ಸಿನಿಂದ ಆ ಸಾಲು ಬಂತು. ಹಳೆಯ ರಾಜ ತನ್ನವರ ಮಾತನ್ನು ಅವರಿಗೇ ಬಿಟ್ಟುಕೊಟ್ಟಿದ್ದ. ಬೆಟ್ಟದವರೆಲ್ಲ ಹಿಮ ತುಳಿದುಕೊಂಡು ಇಳಿದು ಬಂದು ಪ್ರಮಾಣ ಮಾಡಿ, ಮಾರ್ಜರಿಯ ಅಂಗಡಿಯಲ್ಲಿ ಬಿಸಿ ಹೆಂಡ ಕುಡಿದು, ಮನೆಗೆ ಹೋದರು. ಕೊಂಬೂದಿಸಿಕೊಂಡು ದೇಶ ಬಿಟ್ಟವನಿಗೆ ಆ ಸಾಲಿನಿಂದ ಏನೂ ಸಿಗಲಿಲ್ಲ. ಇಳಿದು ಬಂದವರಿಂದ ಕೇಳಿಕೊಂಡು, ಗ್ರಿಜೆಲ್‌ಗೆ ಹೆಣ್ಣು ಮಗು ಆಗಿದೆ ಎಂದು ನನಗೆ ಹೇಳಿದವನು ವಾಟಿ. ಮಗುವಿನ ಹೆಸರು ಅವನಿಗೂ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ದಾರಿ ತೆರೆದ ದಿನವೇ ಬಿಲ್ಲೆ, ಕೋಲು, ಕೊಂಬು ಮೂರನ್ನೂ ಗುಮಾಸ್ತನ ಮೇಜಿನ ಮೇಲಿಟ್ಟು ಕಣಿವೆಗೆ ಹೊರಟೆ. ಚೀಲದಲ್ಲಿ ಓಟ್ಸ್ ರೊಟ್ಟಿ, ಗಿಣ್ಣು, ಒಂದು ಸಣ್ಣ ಮರದ ಚಮಚ. ಅಲ್ಲಲ್ಲಿ ಕೂತು ಏದುಸಿರು ಇಳಿಸಿಕೊಂಡು ಹತ್ತುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಕೊಟ್ಟಿಗೆ ಖಾಲಿ ಬಿದ್ದಿತ್ತು. ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ಬಾಗಿಲು ಹಾಕಿತ್ತು.

ಐದು ಸಲ ಬಡಿದು ನಿಲ್ಲಿಸಿದೆ. ಹೊಸ್ತಿಲ ಸಂದಿಯಲ್ಲಿ ಪಾದದ ನೆರಳು ಬಂದು ನಿಂತಿತು. ಒಳಗೆ ಮಗು ಕುಂಯ್‌ಗುಟ್ಟಿತು.

ಬಾಗಿಲಿಗೆ ಬಾಯಿಟ್ಟು ಎಲ್ಲ ಹೇಳಿದೆ. ಐದು ಯಾಕೆ ಎಂದು ಹೇಳಿದೆ, ಆ ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಹೇಳಿದೆ, ಹೆದರಿದೆ ಎಂದೂ ಹೇಳಿದೆ. "ಬಿಲ್ಲೆ ಹಾಕ್ಕೊಂಡು ಬಂದಿಲ್ಲ ಗ್ರಿಜೆಲ್. ನಾನೇ ಬಂದಿದೀನಿ. ಮಗೂನ ಒಂದ್ಸಲ ನೋಡಿ ಹೋಗ್ತೀನಿ," ಎಂದೆ. ಮರದ ಹಲಗೆಗೆ ಹಣೆ ಒತ್ತಿ ನಿಂತೆ. ಅವಳ ಉಸಿರು ನನಗೆ ಕೇಳುತ್ತಿತ್ತು. ನಮ್ಮ ನಡುವೆ ಒಂದಂಗುಲ ದಪ್ಪದ ಹಲಗೆಯಿತ್ತು, ಅಷ್ಟೆ.

ಆಗ ಒಳಗಿನಿಂದ, ನನ್ನ ಹಣೆಗೆ ಸರಿಯಾಗಿ, ಅವಳು ಬೆರಳ ಗೆಣ್ಣಿನಿಂದ ಒಂದು ಸಲ ಬಡಿದಳು.

ಪಾದದ ನೆರಳು ಸರಿದುಹೋಯಿತು. ಅಗುಳಿ ಅಲುಗಲಿಲ್ಲ. ನಾನು ಚಮಚವನ್ನು ಬೀಗದ ಕಿಂಡಿಗೆ ಸಿಕ್ಕಿಸಿ, ತಿರುಗಿ ನೋಡದೆ ಅಂಗಳ ದಾಟಿದೆ.