ಒಂದೇ ಬುಟ್ಟಿ ಬೀಜ

ನಮ್ಮ ಅತ್ತೆ ಕೊಟ್ರಮ್ಮನಿಗೆ ಕೊಟ್ಟೂರಿನಲ್ಲಿ ಉಳ್ಳಾಗಡ್ಡಿ ಬೀಜದ ವ್ಯಾಪಾರ. ನಾನು ಹಡಗಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ವಾರವೆಲ್ಲ ಅಲ್ಲೇ ಉಳಿದು ಶನಿವಾರ ಮನೆಗೆ ಬರುತ್ತೇನೆ. ಬೀಜ ಎಷ್ಟು ಬುಟ್ಟಿ, ಎಷ್ಟು ಹಸಿ, ಗಾಳಿ ಎಷ್ಟು ಬಿಸಿ ಎಂದು ಕೊಟ್ಟರೆ, ಒಣಗಿಸುವ ಪೆಟ್ಟಿಗೆಯನ್ನು ಎಷ್ಟು ತಾಸು ಓಡಿಸಬೇಕೆಂದು ಹೇಳುವ ಒಂದು ಪ್ರೋಗ್ರಾಮನ್ನು ಅವರಿಗಾಗಿ ಬರೆದಿದ್ದೆ.

ಅಂಕಿಗಳು ಪ್ರೋಗ್ರಾಮಿನ ಒಳಗೇ ಇದ್ದವು. ಒಂದು ಬದಲಾದರೂ ನಾನೇ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಹಾಗಾಗಿ ಅತ್ತೆಯ ಫೋನು ದಿನಾ ತಪ್ಪದು. ಲೆಕ್ಕ ಕ್ಷಣದಲ್ಲಿ ಮುಗಿದರೂ ಅವರ ಮಾತು ಮುಗಿಯುತ್ತಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದುವ ದಿನಗಳಲ್ಲಿ ನನಗೆ ರೇಗಿಹೋಯಿತು. ಪ್ರೋಗ್ರಾಮಿನ ಹೆಸರಿನ ಮುಂದೆ ಅಂಕಿ ಹೊಡೆದು ಎಂಟರ್ ಒತ್ತಿದರೆ ತಾನೇ ಓದಿಕೊಳ್ಳುವ ಹಾಗೆ ಮಾಡಿ ಅಂಗಡಿಯ ಲ್ಯಾಪ್‌ಟಾಪಿಗೆ ಹಾಕಿದೆ.

"ಇನ್ನ ನನ್ನ ಕೇಳೋದು ಬ್ಯಾಡ್ರಿ ಅತ್ತಿ," ಎಂದೆ.

"ಹೌದೇನವಾ," ಎಂದರು, ಅಷ್ಟೇ.

ಆ ವಾರ ಅವರ ಸ್ವಂತ ತಳಿಯ ಬೀಜ ಬಂತು. ಮದುವೆಯಾಗಿ ಬಂದಾಗಿನಿಂದ ಆರಿಸಿ ಆರಿಸಿ ಉಳಿಸಿಕೊಂಡದ್ದು. ಈ ಸಲ ಕೈಗೆ ಹತ್ತಿದ್ದು ಒಂದೇ ಬುಟ್ಟಿ. ಅದು ಕೆಟ್ಟರೆ ತಳಿಯೇ ಹೋದಂತೆ.

ಅಂಗಡಿಯ ಹಮಾಲಿ ರಾಮಾಂಜಿನಿ ಕಾಲೇಜಿಗೆ ಫೋನು ಮಾಡಿದ. "ಅಕ್ಕಾರ, ಕಂಪ್ಯೂಟರು ಸೊನ್ನಿ ತಾಸು ಅಂತು. ಅಮ್ಮಾರು ಹಸಿ ಬೀಜಾನ ಚೀಲಕ್ಕ ತುಂಬ್ಯಾರ."

ಸಿಕ್ಕ ಬಸ್ಸು ಹತ್ತಿದೆ. ಚೀಲ ಬಿಚ್ಚಿದರೆ ಒಳಗೆ ಬಿಸಿ ಏರಿತ್ತು, ಪುಣ್ಯಕ್ಕೆ ಬೂಸಲು ಹಿಡಿದಿರಲಿಲ್ಲ. ಅತ್ತೆ, ನಾನು ಇಬ್ಬರೂ ಕೂತು ಬೀಜ ಹರವಿದೆವು.

"ಎಷ್ಟು ಬುಟ್ಟಿ ಅಂತ ಹೊಡದ್ರಿ?"

"ಲಾಭ ಅಂತ."

ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಅಳೆಯುವಾಗ ಒಂದು ಎನ್ನುವುದಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಸುವುದು. ನನ್ನ ದಡ್ಡ ಪ್ರೋಗ್ರಾಮು ಅದು ಅಂಕಿಯೋ ಅಲ್ಲವೋ ಎಂದು ನೋಡದೆ ಸೊನ್ನೆ ಮಾಡಿಕೊಂಡಿತ್ತು. ನೋಡು ಎಂದು ನಾನು ಬರೆದಿದ್ದರೆ ತಾನೆ!

"ಕೈಯಾಗ ಹಿಡದ್ರ ಹಸಿ ಅಂತ ಗೊತ್ತಾಗ್ಲಿಲ್ಲೇನ್ರಿ?" ಎಂದು ಸಿಟ್ಟಿನಲ್ಲೇ ಕೇಳಿದೆ.

"ಗೊತ್ತಾತು. ನೀ ಬರದದ್ದು ತಪ್ಪಿರ್ತೈತೇನು ಅಂತ ತುಂಬಿದೆ."

ಸಿಟ್ಟೆಲ್ಲ ಇಳಿದುಹೋಯಿತು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಅಷ್ಟು ನಂಬಿರಲಿಲ್ಲ.

ಅಲ್ಲೇ ಕೂತು ತಿದ್ದಿದೆ. ಲಾಭ ಎಂದರೆ ಒಂದು ಎಂದು ಓದಬೇಕು. ಬೇರೆ ಪದ ಬಂದರೆ, ಇಲ್ಲವೆ ಯಾವುದಾದರೂ ಅಂಕಿ ಹೊಡೆಯದೆ ಬಿಟ್ಟರೆ, ಲೆಕ್ಕ ನಿಲ್ಲಿಸಿ 'ಸೊಸೆಗೆ ಫೋನು ಮಾಡಿ' ಎಂದು ತೋರಿಸಬೇಕು. ಬೀಜ ಸರಿಯಾಗಿ ಒಣಗುವವರೆಗೂ ಇದ್ದು ಹಡಗಲಿಗೆ ಮರಳಿದೆ.

ಮರುದಿನ ಸಂಜೆಯೇ ಅತ್ತೆಯ ಫೋನು. ಒಂದೇ ರಿಂಗಿಗೆ ಎತ್ತಿದೆ.

"ಏನಾತ್ರಿ ಅತ್ತಿ? ಮತ್ತ ಏನು ಹೊಡದ್ರಿ?"

"ಏನೂ ಹೊಡೀಲಿಲ್ಲವಾ. ಬರೇ ಪ್ರೋಗ್ರಾಮಿನ ಹೆಸರು ಹೊಡದು ಎಂಟರ್ ಒತ್ತಿದೆ. ಸೊಸಿಗೆ ಫೋನ್ ಮಾಡು ಅಂತು, ಮಾಡಿದೆ."