ಕರಗದ ಗುಳ್ಳವ್ವ

ನನ್ನ ಸಿನಿಮಾಗಳಲ್ಲಿ ಕಥೆ ಇರುವುದಿಲ್ಲ, ಹಾಡಂತೂ ಇಲ್ಲವೇ ಇಲ್ಲ. ಕಲಾವಿದರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡುತ್ತೇನೆ, ಅಷ್ಟೇ. ಮಣ್ಣಿನ ಗೊಂಬೆ ಮಾಡುವ ಗೋದಾಳನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತೇನೆ. ಅವಳ ಕುರಿತ ಚಿತ್ರದಲ್ಲಿ ಅವಳ ಮುಖವೂ ಇಲ್ಲ. ಕೈ, ಹಸಿಮಣ್ಣು, ಉಸಿರಿನ ಸದ್ದು. ಇಂಥದ್ದನ್ನು ಕೊಳ್ಳುವವರು ಪುಣೆಯಲ್ಲಿ ಬೆರಳೆಣಿಕೆಯಷ್ಟು. ಅವರಲ್ಲೊಬ್ಬ ಸುಖೇಶ್, ಬೆಂಗಳೂರಿನವನು, ವಿಮಾನ ನಗರದಲ್ಲಿದ್ದಾನೆ. ಅವನು ಕೊಂಡರೆ ನನ್ನ ಮುಂದಿನ ಚಿತ್ರಕ್ಕೆ ದಾರಿಯಾಗುತ್ತಿತ್ತು.

ಧಾರವಾಡದ ಕಡೆ ಆಷಾಢದ ಮಂಗಳವಾರ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಪೂಜಿಸಿ, ನೀರಿಗೆ ಬಿಡುತ್ತಾರೆ. ಅಲ್ಲಿಂದ ಬಂದ ಮಾವಶಿ ಪುಣೆಯ ಕ್ಯಾಂಪ್ ಬಡಾವಣೆಯ ತನ್ನ ಹಿತ್ತಲಲ್ಲಿ ವರ್ಷವಿಡೀ ಗುಳ್ಳವ್ವನನ್ನೇ ಮಾಡುತ್ತಾಳೆ, ಮಾಡಿದ್ದನ್ನೆಲ್ಲ ಬಕೆಟ್ಟಿನಲ್ಲಿ ಕರಗಿಸುತ್ತಾಳೆ. ಗ್ಯಾಲರಿಯವರು ಜಪ್ಪಯ್ಯ ಅಂದರೂ ಒಂದನ್ನೂ ಕೊಟ್ಟಿಲ್ಲ. ಆ ಕರಗಿಸುವುದೇ ನನ್ನ ಚಿತ್ರದ ಕೊನೆಯ ದೃಶ್ಯ.

ಚಿತ್ರ ತೋರಿಸಲು ನಾನೂ ಮಾವಶಿಯೂ ಸುಖೇಶನ ಮನೆಗೆ ಹೋದೆವು. ಗಾಜಿನ ಮೇಜಿನ ಮೇಲೆ ಕೆಂಪಗೆ ಒಂದು ಗುಳ್ಳವ್ವ ಕೂತಿತ್ತು. ಶೂಟಿಂಗ್ ನೋಡಲು ಬಂದವನು ಒಂದನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗಿ, ಕರಗದಂತೆ ಭಟ್ಟಿಯಲ್ಲಿ ಸುಡಿಸಿದ್ದ.

"ಹೇಗೂ ನೀರಿಗೆ ಹಾಕ್ತಿದ್ರಲ್ಲ ಮೇಡಂ, ವೇಸ್ಟ್ ಆಗೋದು ಬೇಡ ಅಂತ ತಂದೆ," ಎಂದ, ನಾಚಿಕೆಯ ಸುಳಿವೂ ಇಲ್ಲದೆ. ಚಿತ್ರ ಮುಗಿದ ಮೇಲೆ ನನ್ನ ಕಡೆ ತಿರುಗಿದ. "ವರದಾ, ಲಾಸ್ಟ್ ಸೀನ್ ಕಟ್ ಮಾಡಿ. ಎಲ್ಲಾ ಕರಗಿಹೋಯ್ತು ಅಂತ ಫಿಲ್ಮೇ ತೋರಿಸಿದ್ರೆ ಈ ಗೊಂಬೆ ಮೇಡಂದೇ ಅಂತ ಯಾರು ನಂಬ್ತಾರೆ? ಫಿಲ್ಮ್, ಗೊಂಬೆ ಎರಡನ್ನೂ ಒಟ್ಟಿಗೆ ಇಡ್ತೀನಿ."

ನನ್ನ ಚಿತ್ರ ಇವನಿಗೆ ಕದ್ದ ಮಾಲಿನ ರಸೀದಿ.

ಮಾವಶಿ ಗುಳ್ಳವ್ವನನ್ನು ಎತ್ತಿ ತಿರುಗಿಸಿ ನೋಡಿದಳು. "ಸಿನಿಮಾದಾಗ ಇದ್ದದ್ದು ಖರೆ ಅದ ರೀ. ಸುಳ್ಳು ಇಲ್ಲೆ ಕೂತದ," ಎಂದು ಕೈಬಿಟ್ಟಳು. ಮಾರ್ಬಲ್ ನೆಲಕ್ಕೆ ಬಿದ್ದು ಅದು ಚೂರುಚೂರಾಯಿತು.

ಸುಖೇಶ್ ಸೋಫಾದಿಂದ ಜಿಗಿದೆದ್ದ.

"ಮುಟ್ಟಬೇಡಿ, ಹಾಗೇ ಇರ್ಲಿ. ಆರ್ಟಿಸ್ಟೇ ಒಡೆದಿದ್ದು, ವ್ಯಾಲ್ಯೂ ಇನ್ನೂ ಜಾಸ್ತಿ," ಎನ್ನುತ್ತ ಫೋಟೋ ತೆಗೆಯಲು ಮೊಬೈಲ್ ಹಿಡಿದ.

ಮಾವಶಿ ಅವನೆದುರೇ ನೆಲಕ್ಕೆ ಕೂತಳು. ಒಂದೊಂದೇ ಚೂರನ್ನು ಆರಿಸಿ ಸೆರಗಿಗೆ ಹಾಕಿಕೊಂಡಳು, ಪುಡಿಯನ್ನೂ ಬಿಡದೆ ಬೆರಳು ಒದ್ದೆ ಮಾಡಿ ಒತ್ತಿ ತೆಗೆದಳು. ನಾನು ಅವನ ಟಿವಿಯಿಂದ ಪೆನ್‌ಡ್ರೈವ್ ಕಿತ್ತುಕೊಂಡೆ. ಮುಂದಿನ ಚಿತ್ರ ನೆಗೆದುಬಿತ್ತು ಅಂತ ಗೊತ್ತಿತ್ತು. ಆದರೂ ಅಷ್ಟು ಖುಷಿ ನನಗೆ ಈಚೆಗೆ ಆಗಿರಲಿಲ್ಲ. ಸುಖೇಶ್ ಸೋಫಾದ ಮೇಲೆ ಕುಸಿದು ಕೂತ.

ಲಿಫ್ಟಿನ ಹತ್ತಿರ ಮಾವಶಿ ಸೆರಗು ಬಿಚ್ಚಿ ಚೂರುಗಳನ್ನು ಜೋಡಿಸಿ ನೋಡಿದಳು.

"ಮೂಗು ಇಲ್ಲಲ್ಲವ್ವಾ. ಸೋಫಾದ ಕೆಳಗ ಹೋಗಿರಬೇಕು. ಅದನ್ನೂ ತಗೊಂಡ ಬಾ."

ಮರಳಿ ಹೋಗಿ ಅವನ ಮುಂದೆ ಮೊಣಕಾಲೂರಿದೆ.

"ಕಾಲು ಎತ್ರಿ, ಸುಖೇಶ್," ಎಂದೆ.

ಎತ್ತಿದ.